ಬಲಗೈಗೆ ಹನ್ನೆರಡು ಬಳೆ

ಆರು ಗಂಟೆಯ ಸರ್ಕಾರಿ ಬಸ್ಸು ಅರಳಿಕಟ್ಟೆ ಬಿಟ್ಟಾಗ ನಾಲೆಯ ಮೇಲೆ ಇನ್ನೂ ಮಂಜು. ಮುಂದಿನ ಸೀಟಿನಲ್ಲಿ ಐವತ್ತು ದಾಟಿದ ಗಂಡ ಹೆಂಡತಿ. ಆಕೆಯ ಮಡಿಲಲ್ಲಿ ಬಟ್ಟೆಚೀಲ. ಅದರಲ್ಲಿ ಒಂದು ಹೊದಿಕೆ, ಇಡ್ಲಿ ಡಬ್ಬಿ, ಆಸ್ಪತ್ರೆಯ ಫೈಲು. ಕಂಡಕ್ಟರ್ ಆಕೆಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹರಿದು, ಆತನ ಮುಂದೆ ಕೈ ಚಾಚುತ್ತಾನೆ. "ನೋಡಪ್ಪ, ಕಾಯಿಲೆ ನಂದು, ಟಿಕೆಟ್ಟು ಇವರದು" ಎನ್ನುತ್ತಾಳೆ ಆಕೆ. ಅರ್ಧ ಬಸ್ಸು ನಗುತ್ತದೆ.

ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕು ಆಸ್ಪತ್ರೆಗೆ, ಡಯಾಲಿಸಿಸ್‌ಗೆಂದು, ಅವರ ಪಯಣ ಮಂಗಳವಾರ, ಗುರುವಾರ, ಶನಿವಾರ. ಮಳೆ ಬರಲಿ, ಹಬ್ಬ ಬರಲಿ, ತಪ್ಪಿಸುವಂತಿಲ್ಲ. ಆಕೆಯ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿವೆ. ಬಹುಕಾಲದ ಸಕ್ಕರೆ ಕಾಯಿಲೆ ಸದ್ದಿಲ್ಲದೆ ಮಾಡಿದ ಕೆಲಸ ಅದು.

ಎಡ ಮುಂಗೈಯಲ್ಲಿ ಉಬ್ಬಿದ ನರ ಎದ್ದು ಕಾಣುತ್ತದೆ. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಅಪಧಮನಿಯನ್ನೂ ಅಭಿಧಮನಿಯನ್ನೂ ಹೊಲಿದು ಕೂಡಿಸಿದ ಫಿಸ್ಟುಲಾ ಅದು. ಆ ಕೈಗೆ ಬಿಗಿ ಬಳೆ ಕೂಡದು, ಬಿ.ಪಿ. ಪಟ್ಟಿ ಕೂಡದು, ಕೊಡ ಎತ್ತಕೂಡದು. ಹಾಗೆಂದು ಹಸಿರು ಗಾಜಿನ ಬಳೆ ಬಿಡುವುದುಂಟೆ? ಹನ್ನೆರಡನ್ನೂ ಬಲಗೈಗೇ ಏರಿಸಿದ್ದಾಳೆ. ದಿನಾ ಬೆಳಿಗ್ಗೆ ಗಂಡ ಮಾದಪ್ಪನ ಪಟಕ್ಕೆ ದೀಪ ಹಚ್ಚಿ, ಬಂದು ಹೆಂಡತಿಯ ಎಡಗೈ ಮೇಲೆ ಅಂಗೈ ಇಡುತ್ತಾನೆ. ಒಳಗೆ ರಕ್ತ ಝುಂ ಎಂದು ಹರಿಯುವುದು ಬೆರಳಿಗೆ ತಿಳಿಯಬೇಕು. ತಿಳಿಯದಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಆಸ್ಪತ್ರೆಗೆ ಓಡಬೇಕು.

"ಮಾದಪ್ಪ ಅವ್ನೆ" ಎನ್ನುತ್ತಾನೆ ಆತ.

"ಇರ್ದೆ ಎಲ್ಲೋಯ್ತಾನೆ? ಕಾಫಿ ಮಡಗು, ಅರ್ಧ ಲೋಟ" ಎನ್ನುತ್ತಾಳೆ ಆಕೆ.

ಅರ್ಧ ಲೋಟಕ್ಕೂ ಲೆಕ್ಕ ಇದೆ. ಮೂತ್ರ ನಿಂತ ಮೈಯಲ್ಲಿ ಕುಡಿದದ್ದೆಲ್ಲ ತೂಕವಾಗಿ ಉಳಿಯುತ್ತದೆ. ಡಯಾಲಿಸಿಸ್ ವಾರ್ಡಿನ ಬಾಗಿಲಲ್ಲೇ ತೂಕದ ಯಂತ್ರ. ಎರಡು ದಿನಕ್ಕೆ ಮೂರು ಕಿಲೋ ಏರಿದೆ ಎಂದು ಟೆಕ್ನಿಷಿಯನ್ ಹುಡುಗ ಹುಬ್ಬೇರಿಸುತ್ತಾನೆ. "ಮದುವೆ ಮನೆ ಮಗಾ, ಪಾಯಸ ಕೂಗ್ತು" ಎಂದು ಆಕೆ ಹೇಳಿದರೆ, "ಪಾಯಸದ ಹಿಂದೆ ಎರಡು ಲೋಟ ಮಜ್ಜಿಗೆನೂ ಕೂಗ್ತು" ಎಂದು ಗಂಡ ಚಾಡಿ ಹೇಳುತ್ತಾನೆ.

ಒಳಗೆ ಸಾಲು ಮಂಚಗಳು, ಪ್ರತಿ ಮಂಚದ ಪಕ್ಕ ಒಂದು ಯಂತ್ರ. ಎರಡು ದಪ್ಪ ಸೂಜಿ ಚುಚ್ಚುವಾಗ ಆಕೆ ಕಣ್ಣು ಮುಚ್ಚುತ್ತಾಳೆ, ತುಟಿ ಮಾತ್ರ ಅಲುಗುತ್ತದೆ. ಇನ್ನು ನಾಲ್ಕು ಗಂಟೆ, ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ರಕ್ತ ಕೊಳವೆಯಲ್ಲಿ ಹೊರಬಂದು, ಸಾವಿರಾರು ಸಣ್ಣ ಎಳೆಗಳ ಶೋಧಕದಲ್ಲಿ ತೊಳೆದುಕೊಂಡು ಮೈಗೆ ಮರಳುತ್ತದೆ. 1943ರಲ್ಲಿ, ಜರ್ಮನ್ ಸೇನೆ ವಶಪಡಿಸಿಕೊಂಡಿದ್ದ ನೆದರ್ಲೆಂಡ್ಸ್‌ನಲ್ಲಿ, ವಿಲೆಮ್ ಕೋಲ್ಫ್ ಎಂಬ ವೈದ್ಯ ಇಂಥ ಮೊದಲ ಯಂತ್ರ ಕಟ್ಟಿದ. ಸೋಸಲು ಸಿಕ್ಕಿದ್ದು ಮಾಂಸ ತುಂಬುವ ಸೆಲೊಫೇನ್ ಕೊಳವೆ. ಆ ಯಂತ್ರದ ವಂಶದವಕ್ಕೆ ಇಲ್ಲಿ ಆಯುಧಪೂಜೆಯ ದಿನ ಕುಂಕುಮ, ಚೆಂಡುಹೂವು. ಪಕ್ಕದ ಮಂಚದ ಸಾಬರು ಜಪಮಣಿ ಎಣಿಸುತ್ತಲೇ "ನಮ್ಮ ಮಿಷನ್ನಿಗೂ ಒಂದು ಹೂವು ಹಾಕವ್ವ" ಎಂದಿದ್ದರಂತೆ.

ಹಿಂದೆ ಶಿವರಾತ್ರಿ ಬಂದರೆ ಗಂಡ ಹೆಂಡತಿ ಇಬ್ಬರೂ ಊರವರ ಜೊತೆ ನಡೆದು, ತಾಳುಬೆಟ್ಟದಿಂದ ಮಾದಪ್ಪನ ಬೆಟ್ಟ ಹತ್ತುತ್ತಿದ್ದರು. ಈಗ ಆಗದು. "ನಂಗೆ ವಾರಾ ಪೂರ್ತಿ ಶಿವರಾತ್ರಿ, ನೀರೂ ಕುಡಿಯಂಗಿಲ್ಲ" ಎಂದು ನಗುತ್ತಾಳೆ. ಪ್ರಸಾದದ ಬಾಳೆಹಣ್ಣನ್ನು ಕಣ್ಣಿಗೊತ್ತಿ ಗಂಡನ ಕೈಗಿಡುತ್ತಾಳೆ. ಅದರ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯವೇ ನಿಂತೀತು. ಎಳನೀರೂ ಕೂಡದವುಗಳ ಪಟ್ಟಿಯಲ್ಲೇ ಇದೆ. ಮನೆಯಲ್ಲಿ ಅಡುಗೆ ಈಗ ಗಂಡನದು. ತರಕಾರಿ ಹೆಚ್ಚಿ ನೀರಲ್ಲಿ ನೆನೆಸಿ, ಬೇಯಿಸಿ, ಬಸಿದು, ಉಪ್ಪು ಕಂಡೂ ಕಾಣದಂತೆ ಹಾಕುತ್ತಾನೆ. ಆ ಸಪ್ಪೆ ಸಾರನ್ನೇ ತಾನೂ ಉಣ್ಣುತ್ತಾನೆ.

ಕಿಡ್ನಿ ಕೊಡಲೂ ಹೋಗಿದ್ದ. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಗಂಡ ಹೆಂಡತಿಯೂ ಹತ್ತಿರದ ಸಂಬಂಧಿಗಳೇ. ಆದರೆ ಅವನಿಗೂ ಸಕ್ಕರೆ ಕಾಯಿಲೆ, ವೈದ್ಯರು ಒಪ್ಪಲಿಲ್ಲ. ಅಂದು ಹೊರಗೆ ಬಂದು ಬೆಂಚಿನ ಮೇಲೆ ಕುಸಿದ ಗಂಡನಿಗೆ ಆಕೆ ಹೇಳಿದ್ದು: "ನಿಮ್ಮ ಕಿಡ್ನಿ ಯಾರಿಗೆ ಬೇಕು? ಬೆಳಿಗ್ಗೆ ಎದ್ದು ಬೀಡಿ ಕೇಳೋದು."

ಎಲ್ಲ ದಿನವೂ ನಗುವಿನದಲ್ಲ. ಮೂರನೇ ಗಂಟೆಯಲ್ಲಿ ಬಿ.ಪಿ. ಕುಸಿದು ಮೀನಖಂಡ ಸೆಟೆದುಕೊಂಡಾಗ ಆಕೆಯ ಚೀರಾಟ ವರಾಂಡದವರೆಗೆ ಕೇಳುತ್ತದೆ. ಗಂಡ ಓಡಿಬಂದು ಕಾಲು ನೀವುತ್ತಾನೆ. ಕಿಟಕಿ ಬದಿಯ ಮಂಚದಲ್ಲಿ ಒಂದು ಗುರುವಾರ ಬೇರೆ ಮುಖ ಇರುತ್ತದೆ; ಹಳಬರು ಏನಾದರೆಂದು ಯಾರೂ ಕೇಳುವುದಿಲ್ಲ. ಅಂಥ ದಿನ ಬಸ್ಸಿನಲ್ಲೂ ಮಾತಿಲ್ಲ.

ಮೊದಲ ವರ್ಷ ಅವರ ಹರಕೆ ದೊಡ್ಡದಿತ್ತು: ಕಾಯಿಲೆ ಪೂರ್ತಿ ವಾಸಿಯಾಗಲಿ. ಈಗ ಬೇಡಿಕೆ ಚಿಕ್ಕದು. ಸೂಜಿ ಒಂದೇ ಸಲಕ್ಕೆ ಸಿಗಲಿ, ಬಸ್ಸು ಸಮಯಕ್ಕೆ ಬರಲಿ, ಇವತ್ತು ಕಾಲು ಹಿಡಿಯದಿರಲಿ. ಇವು ಬಹುಪಾಲು ಈಡೇರುತ್ತವೆ. ಹಾಗಾಗಿ ಆ ಮನೆಯಲ್ಲಿ ದೇವರ ಮೇಲೆ ದೂರೂ ಕಡಿಮೆ, ದಿನದ ಮೇಲೆ ಪ್ರೀತಿಯೂ ಹೆಚ್ಚು. ಚಿಕ್ಕದಾದ ಮೇಲೆ ಅವರ ನಂಬಿಕೆ ಗಟ್ಟಿಯಾಯಿತು.

ಇಂಥದೊಂದು ಮನೆ ನಿಮ್ಮ ಬೀದಿಯಲ್ಲೂ ಇದ್ದೀತು. ನೋಡಲು ಹೋಗುವಾಗ ಎಳನೀರು, ಹಣ್ಣು ಒಯ್ಯಬೇಡಿ. ಅಯ್ಯೋ ಪಾಪ ಎನ್ನಬೇಡಿ. ಒಂದು ಶನಿವಾರ ಚೀಲ ಹಿಡಿದು ನೀವೇ ಆಕೆಯ ಜೊತೆ ಬಸ್ಸು ಹತ್ತಿ. ಆ ನಾಲ್ಕು ಗಂಟೆ ಆಕೆಯ ಗಂಡ ಗದ್ದೆಗೆ ನೀರು ಕಟ್ಟಲಿ, ಇಲ್ಲವೇ ಸುಮ್ಮನೆ ಮಲಗಲಿ.