ಎರೆಯ ನೆಲವೂ ಶಾಸ್ತ್ರೋಕ್ತ ಭೂಪರೀಕ್ಷೆಯೂ

ಮಾನ್ಯಖೇಟವೆಂದೊಡನೆ ಸಾಹಿತ್ಯಾಭ್ಯಾಸಿಗಳಿಗೆ ನೃಪತುಂಗನ ಆಸ್ಥಾನವೂ ಕವಿರಾಜಮಾರ್ಗವೂ ನೆನಪಿಗೆ ಬರುವುವು. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಈಗಿನ ಮಳಖೇಡವೇ ಆ ಊರು. ಅದರ ಸುತ್ತಣ ಚಿತ್ತಾಪುರ, ವಾಡಿ, ಶಹಾಬಾದಗಳ ನೆಲವು ಪಂಡಿತರ ವಿಚಾರಕ್ಕೆ ಅರ್ಹವಾದ ಪ್ರಶ್ನೆಯೊಂದನ್ನು ಒಡ್ಡುತ್ತದೆ: ವಾಸ್ತುಗ್ರಂಥಗಳು ವಿಧಿಸಿದ ಭೂಪರೀಕ್ಷೆಯು ಇಲ್ಲಿ ಎಷ್ಟರಮಟ್ಟಿಗೆ ಸಲ್ಲುವುದು?

ಬೃಹತ್ಸಂಹಿತೆಯ ವಾಸ್ತುವಿದ್ಯಾಧ್ಯಾಯದಲ್ಲಿ ವರಾಹಮಿಹಿರನು ಎರಡು ಪರೀಕ್ಷೆಗಳನ್ನು ಹೇಳಿರುವನು. ನಿವೇಶನದ ನಡುವೆ ಹಸ್ತಪ್ರಮಾಣದ ಗುಂಡಿಯನ್ನು ತೋಡಿ, ತೆಗೆದ ಮಣ್ಣನ್ನೇ ಮರಳಿ ತುಂಬಬೇಕು. ಮಣ್ಣು ಮಿಕ್ಕರೆ ಉತ್ತಮ, ಸಮವಾದರೆ ಮಧ್ಯಮ, ಸಾಲದೆ ಹೋದರೆ ಅಧಮ. ಇಲ್ಲವೆ ಗುಂಡಿಗೆ ನೀರು ತುಂಬಿ, ನೂರು ಹೆಜ್ಜೆ ನಡೆದು ಹಿಂದಿರುಗಬೇಕು. ನೀರು ತಗ್ಗದಿದ್ದರೆ ಭೂಮಿಯು ಪ್ರಶಸ್ತ. ಇವನ್ನು ಮೂಢವಿಶ್ವಾಸವೆಂದು ತಳ್ಳಿಹಾಕುವುದು ಅವಿಚಾರ. ಬಿಗಿಯಾಗಿ ಕುಳಿತ ಮಣ್ಣು ಅಗೆದಾಗ ಅರಳಿ ಮಿಗುತ್ತದೆ. ಸಡಿಲವಾದುದು ಅಡಗಿ ಸಾಲದಾಗುತ್ತದೆ. ನೀರಿನ ಪರೀಕ್ಷೆಯಾದರೋ ಮಣ್ಣಿನ ರಂಧ್ರಗಳ ಪರೀಕ್ಷೆಯೇ ಸರಿ.

ಆದರೆ ಎರೆಮಣ್ಣಿನ ಮುಂದೆ ಇವೆರಡೂ ಸೋಲುತ್ತವೆ. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವು ಹೇರಳವಾಗಿರುತ್ತದೆ. ಅತಿಸೂಕ್ಷ್ಮವಾದ ಅದರ ಪದರಗಳ ನಡುವೆ ನೀರು ಹೊಕ್ಕೊಡನೆ ಮಣ್ಣು ಉಬ್ಬುತ್ತದೆ. ನೀರು ಆರಿದೊಡನೆ ಕುಗ್ಗಿ ಬಿರಿಯುತ್ತದೆ. ವೈಶಾಖದಲ್ಲಿ ಗುಂಡಿ ತೋಡಿದರೆ ಕಲ್ಲಿನಂತೆ ಗಟ್ಟಿಯಾದ ಹೆಂಟೆಗಳೇಳುವುವು. ತುಂಬಿದರೆ ಮಣ್ಣು ಮಿಗುವುದು, ನೆಲ ಉತ್ತಮವೆನಿಸುವುದು. ಅಂದೇ ನೀರು ಹೊಯ್ದರೆ ಬಿರುಕುಗಳು ಅದನ್ನು ಕುಡಿದುಬಿಡುವುವು, ಅದೇ ನೆಲ ಅಧಮವೆನಿಸುವುದು. ಶ್ರಾವಣದಲ್ಲಿ ಬಿರುಕು ಮುಚ್ಚಿರುವುದರಿಂದ ನೀರು ನಿಂತಲ್ಲಿಯೇ ನಿಲ್ಲುವುದು! ಪರೀಕ್ಷೆಯು ಆ ದಿನದ ಸ್ಥಿತಿಯನ್ನು ಹೇಳುತ್ತದೆ. ಮನೆಯಾದರೋ ಎಲ್ಲ ಋತುಗಳಲ್ಲಿಯೂ ನಿಲ್ಲಬೇಕು. ಮನೆಯ ನಡುವಣ ನೆಲ ತೇವವನ್ನು ಹಿಡಿದಿರಲು, ಹೊರಗೋಡೆಗಳ ಕೆಳಗಣ ಮಣ್ಣು ಬೇಸಗೆಯಲ್ಲಿ ಕುಗ್ಗುತ್ತದೆ, ಮಳೆಗಾಲದಲ್ಲಿ ಏಳುತ್ತದೆ. ಗೋಡೆ ಸೀಳುವುದು ಈ ಏರಿಳಿತದಿಂದಲೇ. ಹಗುರವಾದ ಒಂದೇ ಅಂತಸ್ತಿನ ಕಟ್ಟಡಕ್ಕೆ ಈ ಪೀಡೆ ಹೆಚ್ಚು; ಉಬ್ಬುವ ಮಣ್ಣನ್ನು ಅದುಮುವಷ್ಟು ಭಾರ ಅದಕ್ಕಿಲ್ಲ.

ಇದಕ್ಕೆ ಪರಿಹಾರವೂ ವಾಸ್ತುಪರಂಪರೆಯಲ್ಲಿಯೇ ಉಂಟು. ನೀರಾಗಲಿ ಶಿಲೆಯಾಗಲಿ ದೊರೆಯುವವರೆಗೆ ಅಗೆಯಬೇಕೆಂಬ ವಿಧಿಯು ಈ ಸೀಮೆಗೆಂದೇ ಹುಟ್ಟಿದಂತಿದೆ. ಆದರೂ ಹಸ್ತಗುಂಡಿಯ ಪರೀಕ್ಷೆಗಿರುವ ಪ್ರಸಿದ್ಧಿ ಇದಕ್ಕಿಲ್ಲ. ಎರೆಯ ಕೆಳಗೆ, ಅನೇಕ ಕಡೆ ಅಲ್ಪ ಆಳದಲ್ಲಿಯೇ, ಪದರಪದರವಾದ ಸುಣ್ಣಶಿಲೆ ಇದೆ. ಶಹಾಬಾದ ಕಲ್ಲೆಂದು ದೇಶದಲ್ಲೆಲ್ಲ ನೆಲಕ್ಕೆ ಹಾಸುವ ಪರಸಿ ಅದೇ. ಭೂವಿಜ್ಞಾನಿಗಳು ಇದನ್ನು ಭೀಮಾ ಶ್ರೇಣಿಯಲ್ಲಿ ಎಣಿಸುವರು. ಮೊದಲ ಹಾಸು ಸಿಕ್ಕಿತೆಂದು ನಿಲ್ಲುವುದು ಮಾತ್ರ ಸಲ್ಲದು. ಹಾಸುಗಳ ಸಂದಿನಲ್ಲಿ ಜೇಡಿ ಸೇರಿರಬಹುದು, ನೀರು ಸುಣ್ಣಶಿಲೆಯನ್ನು ಕರಗಿಸಿ ಟೊಳ್ಳು ಮಾಡಿರಲೂಬಹುದು.

ಎರೆಯು ಬಹು ಆಳವಾಗಿರುವ ತಗ್ಗುಗಳಲ್ಲಿ ಶಿಲೆಯನ್ನು ಮುಟ್ಟುವುದು ದುಬಾರಿ. ಅಂತಹ ನೆಲಕ್ಕಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಬುಡದಲ್ಲಿ ಅಗಲವಾದ ಕಾಂಕ್ರೀಟಿನ ಕಂಬಗಳನ್ನು ರೂಪಿಸಿತು. ಅವುಗಳನ್ನು ಸಾಮಾನ್ಯವಾಗಿ 3.5 ಮೀಟರಿಗೆ ಕಡಮೆಯಿಲ್ಲದಂತೆ ಇಳಿಸುವರು. ಬುಡದ ಉಬ್ಬು ಕಂಬದ ಅಡ್ಡಳತೆಯ ಸುಮಾರು 2.5 ರಷ್ಟು. ಬಿಸಿಲುಮಳೆಗಳ ಪ್ರಭಾವ ಆ ಆಳಕ್ಕೆ ಹೆಚ್ಚಾಗಿ ಇಳಿಯದು. ಮೇಲಣ ಮಣ್ಣು ಎಷ್ಟು ಎತ್ತಿದರೂ ಅಗಲವಾದ ಬುಡವು ಬೇರಿನಂತೆ ಹಿಡಿದಿರುವುದು.

ಚಿಂಚೋಳಿಯ ಕಾಡಿನ ಕಡೆ ಕಾಣುವ ಕೆಂಪು ಜಂಬಿಟ್ಟಿಗೆ ನೆಲದ ಮಾತೇ ಬೇರೆ. ಅದು ಎರೆಯಂತೆ ಉಬ್ಬಿ ಕುಗ್ಗುವುದಿಲ್ಲ. ಅಲ್ಲಿ ವರಾಹಮಿಹಿರನ ಗುಂಡಿಯನ್ನು ವೈಶಾಖದಲ್ಲಿ ತೋಡಿದರೂ ಶ್ರಾವಣದಲ್ಲಿ ತೋಡಿದರೂ ದೊರೆಯುವ ತೀರ್ಪು ಬಹುಮಟ್ಟಿಗೆ ಒಂದೇ.