ಮುದ್ದೆಯ ನಾಡಿಗೂ ಬಂದ ಸಕ್ಕರೆ ರೋಗ
ರಾಯದುರ್ಗ, ಮಡಕಶಿರಾಗಳ ಸಂಜೆಯ ತಿಂಡಿಯಿಂದ ಗಡಿನಾಡಿಗೊಂದು ಪಾಠ

ಸಕ್ಕರೆ ರೋಗವೆಂದರೆ ಪಟ್ಟಣದ ಅನುಕೂಲಸ್ಥರ ರೋಗ, ಮೈಮುರಿದು ದುಡಿಯುವವನಿಗೂ ಮುದ್ದೆ ಉಣ್ಣುವವನಿಗೂ ಅದು ತಟ್ಟದು ಎಂಬ ನಂಬಿಕೆ ನಮ್ಮ ಜನರಲ್ಲಿ ಬಹುಕಾಲ ಇತ್ತು. ಆ ನಂಬಿಕೆಗೆ ಈಗ ಆಧಾರ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಮಿಕ್ಕಿದ ಜನರು ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಕೇರಳದಲ್ಲಂತೂ ವಯಸ್ಕರಲ್ಲಿ ನೂರಕ್ಕೆ 25ಕ್ಕಿಂತ ಹೆಚ್ಚು ಮಂದಿಗೆ ಈ ರೋಗವಿದೆ. ಅಂದರೆ ನಾಲ್ವರು ಹಿರಿಯರು ಕುಳಿತು ಚಾ ಕುಡಿಯುವಲ್ಲಿ ಒಬ್ಬರ ಪಾಲಿನ ಚಾಕ್ಕೆ ಸಕ್ಕರೆ ಹಾಕಬಾರದು ಎಂದರ್ಥ.

ಆದರೆ ಇಂದು ನಾವು ಓದುಗರನ್ನು ಕಾಸರಗೋಡಿನಿಂದ ದೂರದ ಇನ್ನೊಂದು ಕನ್ನಡ ಗಡಿನಾಡಿಗೆ ಕರೆದೊಯ್ಯಲು ಬಯಸುತ್ತೇವೆ. ಅದು ಆಂಧ್ರಪ್ರದೇಶದ ರಾಯದುರ್ಗ ಮತ್ತು ಮಡಕಶಿರಾ ಸೀಮೆ.

ನಮ್ಮಂತೆಯೇ ಗಡಿಯಾಚೆ ಉಳಿದವರು

ಅನಂತಪುರ ಜಿಲ್ಲೆಯು 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಹುಟ್ಟಿದ್ದು. ರಾಯದುರ್ಗವಾದರೋ 1953ರ ಅಕ್ಟೋಬರ್ 1ರ ತನಕ ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದು, ಆಂಧ್ರ ರಾಜ್ಯ ಉದಯವಾದಾಗ ಆದವಾನಿ, ಆಲೂರುಗಳೊಂದಿಗೆ ಆಂಧ್ರಕ್ಕೆ ಸೇರಿತು. ಮೂರು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಸೇರಿದ ಕತೆಯನ್ನು ನಮ್ಮ ಓದುಗರಿಗೆ ಹೊಸತಾಗಿ ಹೇಳಬೇಕಾಗಿಲ್ಲ. ಮಡಕಶಿರಾದ ನೆರೆಯಲ್ಲಿ ಶಿರಾ, ಮಧುಗಿರಿ, ಪಾವಗಡ ತಾಲೂಕುಗಳಿವೆ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಇರುವುದೂ ಆ ಸೀಮೆಯಲ್ಲಿಯೇ. 2022ರ ಏಪ್ರಿಲಿನಲ್ಲಿ ಆಂಧ್ರದ ಜಿಲ್ಲೆಗಳನ್ನು ಮರುವಿಂಗಡಿಸಿದಾಗ ಮಡಕಶಿರಾವು ಪುಟ್ಟಪರ್ತಿಯನ್ನು ಕೇಂದ್ರವಾಗುಳ್ಳ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ಜಿಲ್ಲೆ ಯಾವುದಾದರೇನು, ಅಡುಗೆಮನೆಯ ಮಾತು ಬಹಳಷ್ಟು ಮನೆಗಳಲ್ಲಿ ಇಂದಿಗೂ ಕನ್ನಡವೇ.

ಅದು ಮಳೆ ಕಾಣದ ಸೀಮೆ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಸುರಿದರೆ, ಅಲ್ಲಿ ಸುಮಾರು 550 ಮಿಲಿಮೀಟರ್ ಬಂದರೆ ಅದೇ ಭಾಗ್ಯ. ಇಂಥ ನೆಲದಲ್ಲಿ ಬೆಳೆಯುತ್ತಿದ್ದುದು ರಾಗಿ, ಜೋಳ, ನವಣೆ, ಸಜ್ಜೆ, ಹುರುಳಿ. ದಶಕಗಳಿಂದ ಅಲ್ಲಿ ಎದ್ದು ಕಾಣುವ ಬೆಳೆ ನೆಲಗಡಲೆ. ಮಡಕಶಿರಾದ ಕಡೆ ಇದು ಕಡಲೆಕಾಯಿ, ರಾಯದುರ್ಗದ ಕಡೆ ಶೇಂಗಾ. ಹೆಸರು ಬೇರೆಯಾದರೂ ಕಾಳು ಒಂದೇ. ಈ ಲೇಖನದಲ್ಲಿ ಇದಕ್ಕೊಂದು ಮುಖ್ಯ ಪಾತ್ರವಿದೆ.

ತಟ್ಟೆ ಬದಲಾಯಿತು, ದುಡಿಮೆಯೂ ಬದಲಾಯಿತು

1983ರಲ್ಲಿ ಎನ್. ಟಿ. ರಾಮರಾವ್ ಸರಕಾರವು ಕಿಲೋಗೆ 2 ರೂಪಾಯಿಯಂತೆ ಅಕ್ಕಿ ಕೊಡುವ ಯೋಜನೆಯನ್ನು ಆಂಧ್ರದಲ್ಲಿ ತಂದಿತು. ಹಸಿದ ಹೊಟ್ಟೆಗೆ ಅದು ದೊಡ್ಡ ಆಸರೆಯಾಯಿತು ಎಂಬುದನ್ನು ಮರೆಯುವುದು ನ್ಯಾಯವಲ್ಲ. ಆದರೆ ಹಬ್ಬದ ದಿನದ ಅನ್ನ ದಿನನಿತ್ಯದ ಅನ್ನವಾಯಿತು; ಜೋಳದ ರೊಟ್ಟಿಯೂ ನವಣೆಯೂ ಹಿಂದೆ ಸರಿದವು. ಅತ್ತ ದುಡಿಮೆಯ ರೀತಿಯೂ ಬದಲಾಯಿತು. ರಾಯದುರ್ಗದಲ್ಲಿ ಅನೇಕರು ಇಂದು ಜೀನ್ಸ್ ಮತ್ತಿತರ ಸಿದ್ಧ ಉಡುಪುಗಳನ್ನು ಹೊಲಿದು ಬದುಕುತ್ತಾರೆ. ಬೆಳಗಿನಿಂದ ಸಂಜೆಯ ತನಕ ಹೊಲಿಗೆ ಯಂತ್ರದ ಮುಂದೆ ಕುಳಿತವನ ಊಟ ಮಾತ್ರ ನೇಗಿಲು ಹಿಡಿದ ಅಜ್ಜನ ಊಟದಷ್ಟೇ ಇದ್ದರೆ, ಉಳಿದ ಸಕ್ಕರೆ ರಕ್ತದಲ್ಲಿ ನಿಲ್ಲದೆ ಎಲ್ಲಿಗೆ ಹೋಗಬೇಕು?

ಇದರ ಮೇಲೆ ಸಂಜೆಯ ತಿಂಡಿ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸು, ಹುರಿಗಡಲೆ ಪುಡಿಯೊಂದಿಗೆ ಒಗ್ಗರಿಸಿ, ಜೊತೆಗೆ ಮೆಣಸಿನಕಾಯಿ ಬಜ್ಜಿ ಕೊಡುವ ತಿಂಡಿಗೆ ಬಳ್ಳಾರಿ, ರಾಯದುರ್ಗದ ಕಡೆ ಒಗ್ಗರಣೆ ಎಂತಲೂ, ತೆಲುಗಿನಲ್ಲಿ ಉಗ್ಗಾಣಿ ಎಂತಲೂ ಹೆಸರು. ರುಚಿಯ ವಿಷಯದಲ್ಲಿ ನಾವು ಎರಡನೆಯ ಮಾತು ಆಡುವುದಿಲ್ಲ. ತಿಂದವರಿಗಷ್ಟೇ ಅದು ಗೊತ್ತು. ಆದರೆ ಕೈಯಲ್ಲಿ ಹಗುರವಾಗಿರುವ ಮಂಡಕ್ಕಿಯು ರಕ್ತಕ್ಕೆ ಹಗುರವಲ್ಲ. ಅಕ್ಕಿಯನ್ನು ಅರಳಿಸಿದಾಗ ಅದರ ಪಿಷ್ಟವು ಬೇಗನೆ ಜೀರ್ಣವಾಗುವ ರೂಪಕ್ಕೆ ಬರುತ್ತದೆ. ತಿಂದ ಸ್ವಲ್ಪ ಹೊತ್ತಿನಲ್ಲಿಯೇ ಸಕ್ಕರೆಯಾಗಿ ರಕ್ತ ಸೇರುತ್ತದೆ.

ಲೆಕ್ಕ ಹಾಕಿ ನೋಡೋಣ

ಶಾಲೆಯ ವಿಜ್ಞಾನ ಪಾಠದಲ್ಲಿ ನಾವು ಮಕ್ಕಳಿಗೆ ಶರ್ಕರಪಿಷ್ಟ, ಸಸಾರಜನಕ, ಕೊಬ್ಬು ಎಂದು ಆಹಾರದ ಅಂಶಗಳನ್ನು ಕಲಿಸುತ್ತೇವೆ. ಸಕ್ಕರೆ ರೋಗಿಯು ನೆನಪಿಡಬೇಕಾದದ್ದು ಇವುಗಳಲ್ಲಿ ಮೊದಲನೆಯದನ್ನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದಂತೆ 100 ಗ್ರಾಂ ಅಕ್ಕಿಯಲ್ಲಿ ಪಿಷ್ಟ ಸುಮಾರು 78 ಗ್ರಾಂ, ಮಂಡಕ್ಕಿಯಲ್ಲಿ 74, ರಾಗಿಯಲ್ಲಿ 72, ಹುರಿಗಡಲೆಯಲ್ಲಿ 58, ಹುರುಳಿಯಲ್ಲಿ 57, ನೆಲಗಡಲೆಯಲ್ಲಿ 26, ಹಸಿ ತೆಂಗಿನಕಾಯಿಯಲ್ಲಿ 13.

ಅಕ್ಕಿಗೂ ರಾಗಿಗೂ ನಡುವಿನ ಅಂತರ ಬರೇ ಆರು ಗ್ರಾಂ! ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಬಹಳ ಹೆಚ್ಚು, ಆದ್ದರಿಂದ ಅದು ಒಳ್ಳೆಯ ಧಾನ್ಯವೇ ಸರಿ. ಆದರೆ ಅದು ಔಷಧಿಯಲ್ಲ. 100 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ 72 ಗ್ರಾಂ ಪಿಷ್ಟವಿರುವಾಗ, ಎರಡು ಮುದ್ದೆ ಉಂಡು ಸಕ್ಕರೆ ಏರಿತೆಂದು ಆಶ್ಚರ್ಯಪಡುವುದು ಸರಿಯಲ್ಲ. ನುಣ್ಣನೆಯ ಹಿಟ್ಟನ್ನು ಗಂಜಿ ಮಾಡಿ ಕುಡಿದರೆ ಅದು ಇನ್ನಷ್ಟು ಬೇಗ ರಕ್ತ ಸೇರುತ್ತದೆ. "ಸಕ್ಕರೆ ಬಿಟ್ಟೀವಿ ಮೇಷ್ಟ್ರೇ, ಈಗ ಬೆಲ್ಲಾನೇ ಹಾಕ್ಕಂತೀವಿ" ಎನ್ನುವವರೂ ಆ ಕಡೆ ಇದ್ದಾರೆ, ಈ ಕಡೆಯೂ ಇದ್ದಾರೆ. ಬೆಲ್ಲ ಸಕ್ಕರೆಯ ಅಣ್ಣ, ಅಷ್ಟೆ.

ಈಗ ಸಂಜೆಯ ತಿಂಡಿಗೆ ಬರೋಣ. 50 ಗ್ರಾಂ ಮಂಡಕ್ಕಿಯ ಒಗ್ಗರಣೆಯಿಂದ 37 ಗ್ರಾಂ, 30 ಗ್ರಾಂ ಕಡಲೆಹಿಟ್ಟಿನ ಬಜ್ಜಿಯಿಂದ 18 ಗ್ರಾಂ, ಎರಡು ಚಮಚ ಸಕ್ಕರೆಯ ಚಾದಿಂದ 10 ಗ್ರಾಂ. ಒಟ್ಟು 65 ಗ್ರಾಂ ಪಿಷ್ಟ, ಅಂದರೆ ಹೆಚ್ಚುಕಡಿಮೆ ಒಂದು ಇಡೀ ಮುದ್ದೆ! ತಿಂದವನು ಅದನ್ನು ಊಟವೆಂದು ಎಣಿಸುವುದಿಲ್ಲ. ರಾತ್ರಿಯ ಊಟ ಬೇರೆ ಉಂಟು. ಅದೇ ಹೊತ್ತಿಗೆ ಒಂದು ಹಿಡಿ, ಸುಮಾರು 30 ಗ್ರಾಂ, ನೆಲಗಡಲೆಯನ್ನು ಬೇಯಿಸಿ ತಿಂದು, ಒಂದು ಲೋಟ ನೀರು ಮಜ್ಜಿಗೆ ಕುಡಿದರೆ ಪಿಷ್ಟ 10 ಗ್ರಾಂ ಮೀರುವುದು ಕಷ್ಟ. ಜೊತೆಗೆ ಏಳೆಂಟು ಗ್ರಾಂ ಸಸಾರಜನಕ ಲಭಿಸುತ್ತದೆ, ಹೊಟ್ಟೆಯೂ ರಾತ್ರಿಯ ತನಕ ತಡೆಯುತ್ತದೆ.

2025ರಲ್ಲಿ ಪ್ರಕಟವಾದ, ಅದೇ ರಾಷ್ಟ್ರೀಯ ಸಮೀಕ್ಷೆಯ ಆಹಾರ ವಿಭಾಗವೂ ಇದನ್ನೇ ಎತ್ತಿ ಹಿಡಿದಿದೆ. ಭಾರತೀಯರ ಆಹಾರದ ಶಕ್ತಿಯಲ್ಲಿ ನೂರಕ್ಕೆ ಸುಮಾರು 62 ಪಾಲು ಪಿಷ್ಟದಿಂದಲೇ ಬರುತ್ತಿದೆ. ಅಕ್ಕಿಯ ಬದಲು ಗೋಧಿ ಯಾ ಸಿರಿಧಾನ್ಯಕ್ಕೆ ತಿರುಗಿದ ಮಾತ್ರಕ್ಕೆ ಅಪಾಯ ತಗ್ಗುವುದಿಲ್ಲ. ಒಟ್ಟು ಪಿಷ್ಟವನ್ನೇ ಕಡಿಮೆ ಮಾಡಿ ಆ ಜಾಗಕ್ಕೆ ಬೇಳೆಕಾಳು, ಹಾಲು ಮಜ್ಜಿಗೆಗಳ ಸಸಾರಜನಕವನ್ನು ತಂದರೆ ತಗ್ಗುತ್ತದೆ ಎಂಬುದು ಅದರ ಸಾರ. ಸಂಕ್ಷೇಪವಾಗಿ ಹೇಳುವುದಾದರೆ, ಧಾನ್ಯ ಬದಲಿಸಿದರೆ ಸಾಲದು, ಮುದ್ದೆ ಚಿಕ್ಕದಾಗಬೇಕು, ಸಾರು ಗಟ್ಟಿಯಾಗಬೇಕು.

ಹೊಲದಲ್ಲಿಯೇ ಇರುವ ತಿಂಡಿ

ಸಕ್ಕರೆ ರೋಗಿಗಳಿಗೆಂದೇ ಬರುವ ದುಬಾರಿ ಬಿಸ್ಕತ್ತಿನ ಪೊಟ್ಟಣಗಳು ಇಂದು ಹಳ್ಳಿಯ ಅಂಗಡಿಗೂ ಬಂದಿವೆ. ಸಕ್ಕರೆ ಹಾಕಿಲ್ಲವೆಂದು ಮೇಲೆ ಬರೆದಿದ್ದರೂ ಒಳಗಿರುವುದು ಹೆಚ್ಚಾಗಿ ಮೈದಾ ಯಾ ಗೋಧಿ ಹಿಟ್ಟೇ. ಅವುಗಳಿಗೆ ಹಣ ಸುರಿಯುವ ಅಗತ್ಯ ಬಡ ರೈತನಿಗೂ ಇಲ್ಲ, ಟೈಲರನಿಗೂ ಇಲ್ಲ. ಬೇಕಾದದ್ದೆಲ್ಲ ಆ ಸೀಮೆಯ ಹೊಲದಲ್ಲಿಯೇ ಇದೆ.

ನೆಲಗಡಲೆಯನ್ನು ಸಿಪ್ಪೆ ಸಹಿತ ಬೇಯಿಸಿ ತಿನ್ನಬಹುದು, ಎಣ್ಣೆಯಿಲ್ಲದೆ ಹುರಿದೂ ತಿನ್ನಬಹುದು. ಆದರೆ ಹಿಡಿ ಒಂದೇ ಇರಲಿ. ಅದರಲ್ಲಿ ನೂರಕ್ಕೆ ನಲವತ್ತು ಪಾಲು ಎಣ್ಣೆಯೇ ಆದುದರಿಂದ ಕುಳಿತಲ್ಲಿ ಒಂದು ಸೇರು ಮುಗಿಸಿದರೆ ತೂಕ ಏರುತ್ತದೆ. ಬೂಸಲು ಹಿಡಿದ, ಮುರುಟಿದ, ಕಪ್ಪಾದ ಕಾಳನ್ನು ತಿನ್ನಲೇಬಾರದು, ಅದರಲ್ಲಿ ಯಕೃತ್ತಿಗೆ ಕೇಡು ಮಾಡುವ ವಿಷ ಇರಬಹುದು. ಚಿಕ್ಕಿ ಮಾಡಿದರೆ ಬೆಲ್ಲದ ಲೆಕ್ಕ ಸೇರುತ್ತದೆಂಬುದನ್ನು ಮರೆಯಬಾರದು. ಹುರುಳಿ ಯಾ ಅಲಸಂದೆಯ ಗುಗ್ಗರಿ, ನಮ್ಮ ಮಾತಿನಲ್ಲಿ ಉಸ್ಲಿ, ಸಣ್ಣ ಬಟ್ಟಲಿನಷ್ಟು ಒಳ್ಳೆಯದು. ಅದರಲ್ಲಿ ಪಿಷ್ಟವಿದ್ದರೂ ನಿಧಾನವಾಗಿ ಜೀರ್ಣವಾಗುತ್ತದೆ. ಚಳಿಗಾಲದಲ್ಲಿ ಮಡಕಶಿರಾದ ಕಡೆ ಸೊಗಡಿನ ಅವರೆಕಾಳು ಬರುತ್ತದೆ. ಸೌತೆಕಾಯಿ, ಟೊಮೇಟೊ, ಮೂಲಂಗಿಗಳನ್ನು ಹೆಚ್ಚಿ ಅದರ ಮೇಲೆ ಹುರಿದ ನೆಲಗಡಲೆ ಪುಡಿ ಉದುರಿಸಿಕೊಂಡರೆ ಬಾಯಿಗೂ ಹಿತ. ತಿನ್ನುವವರಿಗೆ ಬೇಯಿಸಿದ ಮೊಟ್ಟೆ ಉಂಟು. ಒಗ್ಗರಣೆ ಬಿಡಲಾರೆನೆಂಬವರು ಮಂಡಕ್ಕಿಯನ್ನು ಕಾಲು ಪಾಲಿಗೆ ಇಳಿಸಿ, ಈರುಳ್ಳಿ, ಸೌತೆ, ಬೇಯಿಸಿದ ಕಾಳುಗಳನ್ನು ಮುಕ್ಕಾಲು ಪಾಲು ಹಾಕಿಕೊಳ್ಳಲಿ. ನಮ್ಮ ಕಾಸರಗೋಡಿನ ಓದುಗರೂ ಅವಲಕ್ಕಿ, ಬನ್ಸ್, ಗೋಳಿಬಜೆಗಳ ಜಾಗದಲ್ಲಿ ಹೆಸರುಕಾಳಿನ ಉಸ್ಲಿಗೆ ಒಂದಿಷ್ಟು ಕಾಯಿತುರಿ ಹಾಕಿ ನೋಡಬಹುದು. ತಿಂಡಿ ತಿಂದ ಬಳಿಕ ಕಾಲು ಗಂಟೆ ನಡೆದರೆ ಇನ್ನೂ ಲೇಸು.

ಎಚ್ಚರಿಕೆಯ ಮಾತು

ಇಲ್ಲಿ ಒಂದು ಮಾತನ್ನು ಒತ್ತಿ ಹೇಳದಿದ್ದರೆ ಈ ಲೇಖನ ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು. ಸಕ್ಕರೆ ಇಳಿಸುವ ಕೆಲವು ಗುಳಿಗೆಗಳನ್ನು ಯಾ ಇನ್ಸುಲಿನ್ ಚುಚ್ಚುಮದ್ದನ್ನು ತೆಗೆದುಕೊಳ್ಳುವವರು ಔಷಧಿಯನ್ನು ಹಾಗೆಯೇ ಇಟ್ಟುಕೊಂಡು ಊಟವನ್ನು ಮಾತ್ರ ಒಮ್ಮೆಲೇ ತಗ್ಗಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಏಕಾದಶಿ, ರಂಜಾನ್ ಉಪವಾಸಗಳ ದಿನಗಳಲ್ಲಿಯೂ ಇದೇ ಭಯ. ಮೈ ಬೆವರುವುದು, ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು, ವಿಪರೀತ ಹಸಿವು, ಮಾತು ತೊದಲುವುದು ಇದರ ಲಕ್ಷಣಗಳು. ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದಾಗ ನೆಲಗಡಲೆ ಕೆಲಸಕ್ಕೆ ಬಾರದು. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಸಬೇಕು. ಕಾಲು ಗಂಟೆಯಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಆದುದರಿಂದ ಊಟ ತಗ್ಗಿಸುವ ಮುನ್ನ ವೈದ್ಯರೊಂದಿಗೆ ಮಾತಾಡಿ ಔಷಧಿಯ ಪ್ರಮಾಣವನ್ನು ಸರಿಮಾಡಿಸಿಕೊಳ್ಳತಕ್ಕದ್ದು. ಮೂತ್ರಪಿಂಡದ ತೊಂದರೆ ಇರುವವರು ಕಾಳುಗಳನ್ನು ಎಷ್ಟು ತಿನ್ನಬಹುದೆಂದು ಕೇಳಿ ತಿಳಿಯಬೇಕು. ಇನ್ಸುಲಿನ್ ಪಡೆಯುವ ಮಗು ತರಗತಿಯಲ್ಲಿದ್ದರೆ ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನಲು ಬಿಡುವುದು ನಮ್ಮಂಥ ಅಧ್ಯಾಪಕರ ಕರ್ತವ್ಯ. ಪಾಠದ ನಡುವೆ ತಿನ್ನಬಾರದೆಂಬ ನಿಯಮ ಆ ಮಗುವಿಗೆ ಅನ್ವಯಿಸದು.

ಯಾರ ಭಾಷೆಯಲ್ಲಿ ಪಥ್ಯ?

ಇನ್ನೊಂದು ಸಂಗತಿ ನಮ್ಮ ಮನಸ್ಸನ್ನು ಕೊರೆಯುತ್ತದೆ. ಈ ರೋಗದ ಚಿಕಿತ್ಸೆಯಲ್ಲಿ ವೈದ್ಯರ ಪಾಲು ಕಡಿಮೆ, ರೋಗಿಯ ದಿನಚರಿಯ ಪಾಲೇ ಹೆಚ್ಚು. ಎಷ್ಟು ಉಣ್ಣಬೇಕು, ಗುಳಿಗೆ ಊಟಕ್ಕೆ ಮೊದಲೋ ಅನಂತರವೋ, ಪಾದದ ಗಾಯವನ್ನು ಹೇಗೆ ನೋಡಿಕೊಳ್ಳಬೇಕು, ಇದೆಲ್ಲ ಮಾತಿನಿಂದಲೇ ತಿಳಿಯಬೇಕಾದದ್ದು. ಮಡಕಶಿರಾದ ಅಜ್ಜಿಗೆ ತೆಲುಗು ಮಾತಾಡಲು ಬರುತ್ತದೆ, ನಮ್ಮ ಊರಿನ ಅಜ್ಜಿಗೂ ಮಲಯಾಳ ಬರುತ್ತದೆ. ಆದರೆ ಸಂತೆಯಲ್ಲಿ ವ್ಯಾಪಾರ ಮಾಡುವಷ್ಟು ಮಾತು ಬರುವುದು ಬೇರೆ, ಆಸ್ಪತ್ರೆಯಲ್ಲಿ ಕೊಟ್ಟ ಕರಪತ್ರವನ್ನು ಓದಿ ಅರ್ಥ ಮಾಡಿಕೊಳ್ಳುವುದು ಬೇರೆ. ಆ ಕರಪತ್ರ ತೆಲುಗಿನಲ್ಲಿಯೋ ಮಲಯಾಳದಲ್ಲಿಯೋ ಇದ್ದರೆ ಅದು ಮಾಡಿನ ಸಂದಿಯಲ್ಲಿಯೇ ಉಳಿಯುತ್ತದೆ. ಮನೆಯಲ್ಲಿ ಕನ್ನಡ ಓದಬಲ್ಲ ಮಗುವೊಂದಿದ್ದು, ಕೈಗೆ ಕನ್ನಡದ ಹಾಳೆಯೊಂದು ಬಂದರೆ, ಆ ಅಜ್ಜಿಯ ಕಾಲು ಉಳಿಯಲೂಬಹುದು. ಪಾದದ ಸಂವೇದನೆ ಕಳೆದುಕೊಂಡ ರೋಗಿಗೆ ಜಾಲಿಮುಳ್ಳು ಹೊಕ್ಕದ್ದೂ ತಿಳಿಯುವುದಿಲ್ಲ. ತಡವಾಗಿ ತಿಳಿದಾಗ ಕೊಳೆತ ಕಾಲನ್ನು ಕತ್ತರಿಸಬೇಕಾದೀತು. ಅದರೊಂದಿಗೆ ಒಂದು ಮನೆಯ ದುಡಿಮೆಯೂ ನಿಂತುಹೋಗುತ್ತದೆ.

ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ನಾಮಫಲಕ, ಅರ್ಜಿ ನಮೂನೆಗಳಷ್ಟೇ ಎಂದು ತಿಳಿಯುವುದು ಸರಿಯಲ್ಲ. ಪಥ್ಯದ ಚೀಟಿಯೂ ಅದರಲ್ಲಿ ಸೇರಬೇಕು. ಗಡಿನಾಡಿನ ಆರೋಗ್ಯ ಕೇಂದ್ರಗಳು ಒಂದು ಹಾಳೆಯ ಪಥ್ಯಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಅದರಲ್ಲಿ ಪುಸ್ತಕದ ಕನ್ನಡವಲ್ಲದೆ ಮುದ್ದೆ, ಮಂಡಕ್ಕಿ, ಗುಗ್ಗರಿ, ಶೇಂಗಾ ಎಂಬ ಊರ ಮಾತೇ ಇರಲಿ. ಅದಾಗುವ ತನಕ ಕನ್ನಡ ಶಾಲೆಗಳು ಸುಮ್ಮನಿರಬೇಕಾಗಿಲ್ಲ. ಮೇಲಿನ ಲೆಕ್ಕವನ್ನು ಒಂದು ತರಗತಿಯ ಕರಿಹಲಗೆಯ ಮೇಲೆ ಬರೆದು, ಮಕ್ಕಳು ಅದನ್ನು ಮನೆಗೆ ಒಯ್ದು ಹಿರಿಯರಿಗೆ ಓದಿ ಹೇಳಿದರೆ ಅಷ್ಟೂ ಮನೆಗಳ ಸಂಜೆಯ ತಿಂಡಿ ಬದಲಾದೀತು. ಈ ಕೆಲಸಕ್ಕೆ ಸರಕಾರದ ಆಜ್ಞೆಗೆ ಕಾಯಬೇಕಾಗಿಲ್ಲ. ರಾಯದುರ್ಗ, ಮಡಕಶಿರಾಗಳ ಅಧ್ಯಾಪಕ ಬಂಧುಗಳೂ ಇಲ್ಲಿಯ ನಮ್ಮ ಸಹೋದ್ಯೋಗಿಗಳೂ ಇದನ್ನು ಮನಸ್ಸಿಗೆ ತಂದುಕೊಳ್ಳಲೆಂದು ನಾವು ಹಾರೈಸುತ್ತೇವೆ.