ಏಳುನೂರು ಕೆಜಿಯ ಸುಖ

1982ರಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ದೇಸಿ ಅವತಾರ ಅದು. ತಗಡಿನ ಬದಲು ಫೈಬರ್‌ಗ್ಲಾಸ್ ಬಾಡಿ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಎರಡೇ ಬಾಗಿಲು. ಮೂಲ ಕಿಟನ್ನಿನ ತೂಕ ಐನೂರು ಚಿಲ್ಲರೆ ಕೆಜಿ. ಅಂಬಾಸಡರ್, ಪದ್ಮಿನಿಗಳನ್ನೇ ಕಾರು ಅಂದುಕೊಂಡಿದ್ದ ದೇಶದಲ್ಲಿ ಈ ಹಗುರತನದ ಬೆಲೆ ತಿಳಿದದ್ದು ರೇಸು, ರ‍್ಯಾಲಿ ಎಂದು ಓಡಾಡುವ ಕೆಲವರಿಗೆ ಮಾತ್ರ. ಸಂಸಾರಸ್ಥರು ‘ಪ್ಲಾಸ್ಟಿಕ್ ಕಾರು’ ಎಂದು ಮೂಗು ಮುರಿದರು. ಮುಂದಿನ ವರ್ಷದ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಸಿಪಾನಿಯವರು ಆಮೇಲೆ ಹಿಂದಕ್ಕೂ ಬಾಗಿಲು ಇಟ್ಟು ಮೊಂಟಾನಾ ಎಂದು ಹೆಸರು ಬದಲಿಸಿ ನೋಡಿದರು. ಅಷ್ಟು ಹೊತ್ತಿಗೆ ಜನ ಮಾರುತಿಗೆ ಕ್ಯೂ ನಿಂತಾಗಿತ್ತು.

ಕಾರಿನ ಹುಚ್ಚು ಇರುವವರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ: ‘ಈಗಿನ ಕಾರುಗಳಲ್ಲಿ ಏನಿದೆ ಮಾರಾಯ, ಓಡಿಸುವ ಮಜಾನೇ ಹೋಯಿತು.’ ಅಗ್ಗದ, ಹಗುರದ, ಓಡಿಸಲು ಮಜಾ ಕೊಡುವ ಕಾರನ್ನು ಕಂಪನಿಗಳು ಕೊಂದವು ಎನ್ನುವುದು ಈ ದೂರಿನ ತಿರುಳು. ಅರ್ಧ ನಿಜ. ಉಳಿದರ್ಧ ಏನೆಂದರೆ, ಆ ಮಜಾವನ್ನು ನಮಗೆ ಯಾರೂ ಉದ್ದೇಶಪಟ್ಟು ಕೊಟ್ಟಿರಲೇ ಇಲ್ಲ. ಮಾರುತಿ 800ರ ತೂಕ 650 ಕೆಜಿಯ ಆಸುಪಾಸು ಇದ್ದದ್ದು ತಿರುವುಗಳಲ್ಲಿ ಚುರುಕಾಗಿರಲಿ ಎಂದಲ್ಲ. ಕಬ್ಬಿಣಕ್ಕೆ ದುಡ್ಡು, ಪೆಟ್ರೋಲಿಗೆ ದುಡ್ಡು ಎಂದು. ಪವರ್ ಸ್ಟೇರಿಂಗ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಇಲ್ಲಗಳನ್ನೆಲ್ಲ ಕೂಡಿಸಿದಾಗ ಹುಟ್ಟಿದ್ದು ಆ ಲವಲವಿಕೆ.

1993ರಲ್ಲಿ ಬಂದ ಝೆನ್ ಇನ್ನೊಂದು ಮೆಟ್ಟಿಲು ಮೇಲೆ. 993 ಸಿಸಿಯ ಅಲ್ಯೂಮಿನಿಯಂ ಎಂಜಿನ್, 50 ಅಶ್ವಶಕ್ತಿ, ಐದು ಗೇರು, ಏಳುನೂರು ಚಿಲ್ಲರೆ ಕೆಜಿ. ಇದನ್ನು ಚಾರ್ಮಾಡಿ ಘಾಟಿ ಹತ್ತಿಸಿ ನೋಡಿದವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ, ಹೇಳದೆ ಇರುವುದಕ್ಕೂ ಆಗುವುದಿಲ್ಲ. ಹೇರ್‌ಪಿನ್ ತಿರುವು ಕಂಡಾಗ ಮೂರರಿಂದ ಎರಡಕ್ಕೆ ಗೇರು ಇಳಿಸುತ್ತೀರಿ. ಪವರ್ ಇಲ್ಲದ ಸ್ಟೇರಿಂಗ್, ಟೈರು ರಸ್ತೆಯನ್ನು ಕಚ್ಚಿದಷ್ಟೂ ಕೈಯಲ್ಲಿ ಭಾರವಾಗುತ್ತಾ ಹೋಗುತ್ತದೆ; ಇನ್ನೇನು ಜಾರಬೇಕು ಅನ್ನುವಾಗ ಒಂದಿಷ್ಟು ಹಗುರಾಗುತ್ತದೆ. ಅಂಗೈಗೆ ಅದು ಗೊತ್ತಾಗುತ್ತದೆ. ಎಕ್ಸಲರೇಟರನ್ನು ನೆಲ ಮುಟ್ಟುವ ತನಕ ಒತ್ತಿ ಹಿಡಿದರೂ ಮುಂದಿನ ತಿರುವಿನ ಹೊತ್ತಿಗೆ ಗಂಟೆಗೆ ಐವತ್ತು ಕಿಲೋಮೀಟರ್ ದಾಟಿರುವುದಿಲ್ಲ. ಹಿಂದಿನ ಸೀಟಿನಿಂದ ‘ಮೆಲ್ಲ ಹೋಗು ಮಾರಾಯ’ ಅಂತ ಬೈಗುಳ ಬೀಳುತ್ತಿರುತ್ತದೆ, ನೀವು ಹೋಗುತ್ತಿರುವುದು ಮೆಲ್ಲಗೇ. ಕಾರಿನ ಶಕ್ತಿಯನ್ನೆಲ್ಲ ಬಳಸಿಯೂ ಪೊಲೀಸರ ಕೈಗೆ ಸಿಗದ ವೇಗ. ಹಗುರ ಕಾರಿನ ಗುಟ್ಟು ಇಷ್ಟೇ.

ವೇಗದ ಲೆಕ್ಕ ತೆಗೆದರೆ ಹಳೆಯ ಕಾರುಗಳು ಸೋಲುತ್ತವೆ. 800ರ ಎಂಜಿನ್ನಿಗೆ ನಲವತ್ತು ಅಶ್ವಶಕ್ತಿಯೂ ಪೂರ್ತಿ ಇರಲಿಲ್ಲ. ಟನ್ನಿಗೆ ಅರುವತ್ತು ಎಂದಿಟ್ಟುಕೊಳ್ಳಿ. ಇವತ್ತಿನ ಸಾಧಾರಣ 1.2 ಲೀಟರ್ ಕಾರು, ಒಂದು ಟನ್ ತೂಗಿದರೂ, ಟನ್ನಿಗೆ ಎಂಬತ್ತು ದಾಟಿಸುತ್ತದೆ. ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವಾಗ ನನಗೆ ಬೇಕಾದದ್ದೂ ಇವತ್ತಿನ ಕಾರೇ. ಬರೇ ತೂಕ ಕಡಿಮೆ ಮಾಡಿದರೆ ಮಜಾ ಬರುವುದಿಲ್ಲ ಎನ್ನುವುದಕ್ಕೆ ನ್ಯಾನೊ ಸಾಕ್ಷಿ. 600 ಕೆಜಿ, ಹಿಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ. ಕಾಗದದ ಮೇಲೆ ಸ್ಪೋರ್ಟ್ಸ್ ಕಾರಿನ ಜಾತಕ. ಓಡಿಸಿದರೆ ಸಂತೆಗೆ ಹೋಗಿ ಬರುವ ಗಾಡಿ.

ತೂಕ ಏರಿದ್ದಕ್ಕೆ ದೊಡ್ಡ ಕಾರಣ ಸುರಕ್ಷತೆ. 2014ರ ಜನವರಿಯಲ್ಲಿ ಎರಡು ಸಂಗತಿ ನಡೆದವು. ಮಾರುತಿ 800ರ ತಯಾರಿಕೆ ನಿಂತಿತು. ಅದೇ ತಿಂಗಳು ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಜನಪ್ರಿಯ ಕಾರುಗಳನ್ನು ಗೋಡೆಗೆ ಗುದ್ದಿಸಿದ ಫಲಿತಾಂಶ ಹೊರಗೆ ಬಂತು: ಐದಕ್ಕೂ ಸೊನ್ನೆ. 2017ರಿಂದ ಹೊಸ ಮಾದರಿಗಳಿಗೆ, 2019ರಿಂದ ಎಲ್ಲ ಕಾರುಗಳಿಗೆ ಡಿಕ್ಕಿ ಪರೀಕ್ಷೆ ಕಡ್ಡಾಯವಾಯಿತು. ಎಬಿಎಸ್, ಏರ್‌ಬ್ಯಾಗ್ ಒಂದೊಂದಾಗಿ ಸೇರಿಕೊಂಡವು. ಬಾಗಿಲೊಳಗೆ ಉಕ್ಕಿನ ಅಡ್ಡಪಟ್ಟಿ ಬಂದದ್ದಕ್ಕೆ ಗೊಣಗುವವನು, ಹಳೆ ಝೆನ್ನಿನ ಬಾಗಿಲನ್ನು ಒಮ್ಮೆ ಬೆರಳಿನಿಂದ ಒತ್ತಿ ನೋಡಲಿ. ಈ ನೂರಿನ್ನೂರು ಕೆಜಿಯ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಇನ್ನೊಂದು ತೂಕದ ಬಗ್ಗೆ. 2006ರ ಬಜೆಟ್‌ನಲ್ಲಿ ಸಣ್ಣ ಕಾರಿಗೆ ತೆರಿಗೆ ಇಳಿಸಿದಾಗ ಸರ್ಕಾರ ಹಿಡಿದದ್ದು ಟೇಪನ್ನು, ತಕ್ಕಡಿಯನ್ನಲ್ಲ. ಉದ್ದ ನಾಲ್ಕು ಮೀಟರಿನೊಳಗೆ, ಪೆಟ್ರೋಲ್ ಎಂಜಿನ್ 1200 ಸಿಸಿಯೊಳಗೆ ಇದ್ದರೆ ಸಣ್ಣ ಕಾರು. 2025ರ ಸೆಪ್ಟೆಂಬರಿನ ಜಿಎಸ್‌ಟಿ ಬದಲಾವಣೆಯಲ್ಲೂ ಅದೇ ಅಳತೆ: ಒಳಗಿದ್ದರೆ ಶೇ 18, ಹೊರಗಿದ್ದರೆ ಶೇ 40. ಉದ್ದ ಬೆಳೆಸುವಂತಿಲ್ಲ ಅಂದಾಗ ಕಾರು ಎತ್ತರಕ್ಕೆ ಬೆಳೆಯಿತು. ನಮಗೂ ಅದೇ ಬೇಕಿತ್ತು. ಹಂಪು, ಗುಂಡಿಗಳ ದೆಸೆಯಿಂದ ತಳ ಮೇಲಿರಬೇಕು, ನೆರೆಮನೆಯವನ ಕಾರಿನ ಪಕ್ಕ ನಿಲ್ಲಿಸಿದರೆ ‘ರೋಡ್ ಪ್ರೆಸೆನ್ಸ್’ ಇರಬೇಕು, ಮಕ್ಕಳು ತಲೆ ಹೊರಹಾಕಲು ಸನ್‌ರೂಫ್ ಇರಬೇಕು. ಗಾಜಿನ ಆ ಮುಚ್ಚಳ, ಅದರ ಮೋಟಾರು, ಹಳಿ ಎಲ್ಲ ಸೇರಿ ಕಾರಿನ ನೆತ್ತಿಯ ಮೇಲೆ, ಭಾರ ಎಲ್ಲಿ ಇರಬಾರದೋ ಅಲ್ಲಿಯೇ ಕೂರುತ್ತವೆ. 2024-25ರಲ್ಲಿ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳಲ್ಲಿ ಶೇ 65ರಷ್ಟು ಯುಟಿಲಿಟಿ ವರ್ಗದವು. ಇದನ್ನು ಯಾವ ಕಂಪನಿಯೂ ನಮ್ಮ ಮೇಲೆ ಹೇರಲಿಲ್ಲ.

ಇಂಧನ ಮಿತವ್ಯಯದ ನಿಯಮ ಇನ್ನೊಂದು ತಮಾಷೆ. ‘ಕೆಫೆ’ ಎಂದು ಕರೆಯುವ ಈ ನಿಯಮದಲ್ಲಿ ಕಂಪನಿಯ ಕಾರುಗಳ ಸರಾಸರಿ ತೂಕ ಹೆಚ್ಚಿದಷ್ಟೂ ಹೊಗೆಯ ಮಿತಿಯೂ ಸಡಿಲ. ಹಗುರ ಮಾಡಿದವನ ಗುರಿ ಇನ್ನಷ್ಟು ಬಿಗಿ. 2025ರ ಕರಡಿನಲ್ಲಿ 909 ಕೆಜಿಗಿಂತ ಕಡಿಮೆ ತೂಕದ ಸಣ್ಣ ಪೆಟ್ರೋಲ್ ಕಾರುಗಳಿಗೆ ಚೂರು ವಿನಾಯಿತಿ ಕೊಡುವ ಮಾತು ಬಂದದ್ದೇ ತಡ, ಕಂಪನಿಗಳು ಎರಡು ಗುಂಪಾಗಿ ಕಿತ್ತಾಡಿದವು. ಸಣ್ಣ ಕಾರಿನವರು ಬೇಕು ಅಂದರು, ದೊಡ್ಡ ಕಾರಿನವರು ಒಬ್ಬರಿಗೇ ಅನುಕೂಲವಾಗುತ್ತದೆ ಅಂದರು.

ಹಾಗಾದರೆ ಬೇಕೆಂದೇ ಮಜಾದ ಕಾರು ಮಾಡಿದವರು ಯಾರೂ ಇರಲಿಲ್ಲವೇ? ಇದ್ದರು. 2001ರ ಫಿಯೆಟ್ ಪಾಲಿಯೊ 1.6ಕ್ಕೆ 100 ಅಶ್ವಶಕ್ತಿ ಇತ್ತು. ಅದು ಕುಡಿಯುವ ಪೆಟ್ರೋಲಿನ ಸುದ್ದಿ ಕಾರಿಗಿಂತ ವೇಗವಾಗಿ ಓಡಿತು. 2017ರಲ್ಲಿ ಮಾರುತಿ, 950 ಕೆಜಿಯ ಬಲೆನೊ ಆರ್‌ಎಸ್‌ಗೆ ಟರ್ಬೊ ಎಂಜಿನ್ ಕೂರಿಸಿತು. ಮೂರು ವರ್ಷವೂ ತುಂಬಲಿಲ್ಲ. 2018ರಲ್ಲಿ ಟಾಟಾ, ಕೊಯಮತ್ತೂರಿನ ಜಯೇಮ್ ಜೊತೆ ಸೇರಿ ಟಿಯಾಗೊ ಜೆಟಿಪಿ ತಂದಿತು: 114 ಅಶ್ವಶಕ್ತಿ, ₹6.39 ಲಕ್ಷ. ಇದಕ್ಕಿಂತ ಅಗ್ಗಕ್ಕೆ ಆ ಸುಖ ಜಗತ್ತಿನ ಎಲ್ಲೂ ಸಿಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಹೊಗಳಿದವರು ಬಹಳ, ಕೊಂಡವರು ಕೆಲವರು. ಜೆಟಿಪಿ ಹೋದ ಮೇಲೆ ಕಣ್ಣೀರು ಹಾಕಿದವರಲ್ಲಿ ಅರ್ಧದಷ್ಟು ಜನ ಶೋರೂಮಿಗೆ ಹೋಗಿದ್ದರೂ ಸಾಕಿತ್ತೇನೊ.

ಜಪಾನಿನ ಕಥೆ ಬೇರೆ. ಅಲ್ಲಿನ ‘ಕೇ’ ಕಾರಿನ ನಿಯಮ ಎಂಜಿನ್ನನ್ನು 660 ಸಿಸಿಗೆ, ಉದ್ದವನ್ನು 3.4 ಮೀಟರಿಗೆ, ಅಗಲವನ್ನು 1.48 ಮೀಟರಿಗೆ ಕಟ್ಟಿಹಾಕಿತು. ಶಕ್ತಿಯನ್ನು 64ಕ್ಕೇ ನಿಲ್ಲಿಸೋಣ ಎಂದು ಕಂಪನಿಗಳು ತಾವೇ ಒಪ್ಪಿಕೊಂಡವು. ಇಷ್ಟರೊಳಗೇ 2015ರಲ್ಲಿ ಸುಜುಕಿ, 670 ಕೆಜಿಯ ಆಲ್ಟೊ ವರ್ಕ್ಸ್ ಎಂಬ ತುಂಟ ಕಾರನ್ನು ಮಾಡಿತು. ಅದೂ 2021ಕ್ಕೆ ನಿಂತಿತು. ಹೋಂಡಾದ ಎಸ್660 ಅದರ ಹಿಂದೆಯೇ ಹೋಯಿತು.

ನಮ್ಮಲ್ಲಿ ಈಗ ಆ ಸುಖ ಬೇಕೆನ್ನುವವರು ಹಳೆಯ ಝೆನ್, ಎಸ್ಟೀಮ್ ಹುಡುಕಿಕೊಂಡು ಹೋಗುತ್ತಾರೆ. ಮಲೆನಾಡಿನ ಕಾಫಿ ತೋಟದ ಮಣ್ಣುದಾರಿಯ ರ‍್ಯಾಲಿಗಳಲ್ಲಿ ಹಳೆಯ ಜಿಪ್ಸಿಗಳಿಗೆ ಇವತ್ತಿಗೂ ಮರ್ಯಾದೆ ಇದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸಲು 2022ರಿಂದ ₹5,000, ಇಪ್ಪತ್ತು ದಾಟಿದ್ದಕ್ಕೆ 2025ರಿಂದ ₹10,000. ಅದರ ಮೇಲೆ ಆರ್‌ಟಿಒ ಕಚೇರಿಯ ಅಲೆದಾಟ, ಬಿಡಿಭಾಗ ಹುಡುಕಾಟ, ಸುರುಟಿದ ಡೋರ್ ರಬ್ಬರ್.

ಇಷ್ಟೆಲ್ಲ ಕಷ್ಟಪಡುವ ಮುಂಚೆ ಇಂದಿನ ಆಲ್ಟೊ ಕೆ10 ಕಡೆ ಒಮ್ಮೆ ನೋಡಬಹುದು. 998 ಸಿಸಿ, 67 ಅಶ್ವಶಕ್ತಿ, ಐದು ಗೇರು, ಆರು ಏರ್‌ಬ್ಯಾಗ್. ತೂಕ ಏಳೂವರೆ ನೂರು ಕೆಜಿಯ ಆಸುಪಾಸು. ಟನ್ನಿಗೆ ಎಷ್ಟು ಎಂಬ ಲೆಕ್ಕದಲ್ಲಿ ಝೆನ್ನನ್ನು ಹಿಂದೆ ಹಾಕುತ್ತದೆ. 2025ರಲ್ಲಿ ಜಿಎಸ್‌ಟಿ ಇಳಿದಾಗ ಆರಂಭಿಕ ಬೆಲೆ ₹3.70 ಲಕ್ಷ ಇತ್ತು. ಟೈರು ಸಣಕಲು, ಸಸ್ಪೆನ್ಷನ್ ಮೆತ್ತಗೆ, ಮೈಲೇಜಿಗೆಂದೇ ಎಲ್ಲವನ್ನೂ ಹೊಂದಿಸಿದ್ದಾರೆ. ಝೆನ್ನನ್ನೂ ಮೈಲೇಜಿಗೆಂದೇ ಮಾಡಿದ್ದು. ಶೋರೂಮಿಗೆ ಹೋಗಿ ಮ್ಯಾನುವಲ್ ಗೇರಿನದ್ದೇ ಟೆಸ್ಟ್ ಡ್ರೈವ್‌ಗೆ ಬೇಕು ಅನ್ನಿ. ಸೇಲ್ಸ್‌ನ ಹುಡುಗ ಹೇಗಾದರೂ ಮಾಡಿ ನಿಮ್ಮನ್ನು ಪಕ್ಕದ ಬ್ರೆಝಾದ ಕಡೆ ತಿರುಗಿಸಲು ನೋಡುತ್ತಾನೆ, ಅದರಲ್ಲಿ ಸನ್‌ರೂಫ್ ಇದೆ ಸರ್ ಅನ್ನುತ್ತಾನೆ. ಒಪ್ಪಬೇಡಿ.